ಏಣಿಬಂಡೆಯ ಏರಿನಲ್ಲಿ

ಶನಿವಾರ ಮಧ್ಯಾಹ್ನ ಭದ್ರಮ್ಮ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಇನ್ಸ್‌ಪೆಕ್ಟರ್ ಶಾಂತಲಾ ಅರ್ಧ ತಿಂದ ಊಟದ ಡಬ್ಬಿಯನ್ನು ಮುಚ್ಚುತ್ತಿದ್ದಳು. ಸಾರಿಗೆ ಉಪ್ಪು ಬಿದ್ದಿತ್ತೋ ಇಲ್ಲವೋ ಅವಳಿಗೆ ಗೊತ್ತಾಗಿರಲಿಲ್ಲ. ಈಚೀಚೆಗೆ ಅಂಥವು ಗೊತ್ತಾಗುತ್ತಿರಲಿಲ್ಲ.

"ನನ್ನ ಮಗ ಬಿದ್ದು ಸತ್ತಿಲ್ಲ ಕಣವ್ವ. ಸಾಯಿಸವ್ರೆ," ಎಂದಳು ಭದ್ರಮ್ಮ.

ವಿಷಯ ಬೆಳಗ್ಗೆಯೇ ಠಾಣೆಗೆ ತಲುಪಿತ್ತು. ಕೋರ ಗ್ರಾಮದಿಂದ ಒಳಗೆ, ದೇವರಾಯನದುರ್ಗದ ಬೆಟ್ಟಕ್ಕೆ ಮುಖಮಾಡಿದ ಬಂಡೆಗಳ ಕಣಿವೆಯಲ್ಲಿ ಜಯಪ್ರಕಾಶ್ ಎಂಬಾತ ನಾಲ್ಕು ಚಕ್ರದ ಕ್ವಾಡ್ ಬೈಕುಗಳಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದ್ದ. ಮುಂದೆ ಅವನ ಗಾಡಿ, ಹಿಂದೆ ಸಾಲಾಗಿ ಬಂದವರ ಗಾಡಿಗಳು. ಆ ದಿನದ ಮೊದಲ ಸುತ್ತಿನಲ್ಲೇ, ಏಣಿಬಂಡೆ ಎಂಬ ಕಡಿದಾದ ಬಂಡೆ ಹತ್ತುವಾಗ ಗಾಡಿ ಹಿಮ್ಮಗುಚಿ ಅವನ ಮೇಲೆ ಬಿದ್ದಿತ್ತು. ಆಸ್ಪತ್ರೆಗೆ ತರುವಷ್ಟರಲ್ಲಿ ಪ್ರಾಣ ಹೋಗಿತ್ತು. ಹೆಡ್ ಕಾನ್‌ಸ್ಟೇಬಲ್ ಅನಂತರಾಜು ಅದನ್ನು ಅಸಹಜ ಸಾವು ಎಂದು ದಾಖಲಿಸಿಕೊಂಡಿದ್ದ.

"ಯಾರ ಮೇಲೆ ಅನುಮಾನ?"

"ತಿಮ್ಮರಾಜು. ಗುಬ್ಬಿ ಕಡೆಯೋನು. ನನ್ನ ಮಗನ ಹತ್ರಾನೇ ಕೆಲಸ ಕಲ್ತು, ಈಗ ಕುಣಿಗಲ್ ಹತ್ರ ತಾನೇ ಬೇರೆ ಗಾಡಿ ಬುಡ್ತೀನಿ ಅಂತ ನಿಂತವ್ನೆ. ರಿಪೇರಿ ಎಲ್ಲಾ ಅವನದ್ದೇ ಕೈ. ಏನೋ ಮಾಡಿಟ್ಟು ಹೋಗವ್ನೆ."

"ನಿಮ್ಮ ಸೊಸೆ ಏನಂತಾರೆ?"

"ಅರುಣಾನಾ? ಅವಳೇನಂದಾಳು, ಬಾಯಿಲ್ಲದೋಳು. ಬೆಳಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕಿಲ್ಲ. ಕಲ್ಲಾಗೋಗವ್ಳೆ."

ಅನಂತರಾಜು ದೂರನ್ನು ಬರೆದುಕೊಂಡ. ಕಡೆಯ ಮಾತನ್ನು ಬರೆಯಲಿಲ್ಲ. ಮೂರು ಗಂಟೆಗೆ ಕೊಲೆಯ ಅನುಮಾನದ ಮೇಲೆ ಎಫ್‌ಐಆರ್ ಆಯಿತು. ಶಾಂತಲಾ, ಅನಂತರಾಜು, ಮಹಿಳಾ ಕಾನ್‌ಸ್ಟೇಬಲ್ ಹರ್ಷಿತಾ ಜೀಪು ಹತ್ತಿದರು.

ಕೋರ ದಾಟಿ ಎಡಕ್ಕೆ ತಿರುಗಿದ ಮೇಲೆ ರಾಗಿ ಕೊಯ್ಲಿನ ಹೊಲಗಳು ಸಿಕ್ಕವು. ಅವು ಮುಗಿದು ಲಂಟಾನದ ಪೊದೆ ಶುರುವಾಯಿತು. ಆಮೇಲೆ ಬರೀ ಬಂಡೆ. ಒಂದರ ಬೆನ್ನಿಗೊಂದು ಒರಗಿ ಮಲಗಿದ ಬಂಡೆಗಳು, ನಡುವೆ ಕೆಂಪು ಮರಳಿನ ದಾರಿ, ದಾರಿಯುದ್ದಕ್ಕೂ ಕಲ್ಲಿನ ಮೇಲೆ ಸುಣ್ಣದ ಬಾಣಗಳು. ಚೆಂದದ ಜಾಗವೆಂದು ಶಾಂತಲಾಳಿಗೆ ಗೊತ್ತಾಯಿತು, ಬೇರೆ ಯಾರೋ ಹೇಳಿದ್ದನ್ನು ಕೇಳಿಸಿಕೊಂಡ ಹಾಗೆ.

ತಗಡಿನ ಶೆಡ್ಡಿನ ಮುಂದಿನ ಕಲ್ಲುಹಾಸಿನ ಮೇಲೆ ಒಂದರಿಂದ ಎಂಟರ ತನಕ ಅಂಕಿ ಬರೆದಿತ್ತು. ಏಳು ಗಾಡಿ ತಮ್ಮ ತಮ್ಮ ಜಾಗದಲ್ಲಿದ್ದವು. ಎಂಟನೆಯದು ಕಣಿವೆಯ ಕೊನೆಯಲ್ಲಿ, ಏಣಿಬಂಡೆಯ ಬುಡದಲ್ಲಿ ಮಗುಚಿ ಬಿದ್ದಿತ್ತು. ಪಂಚರಾಗಿ ಕುರಿ ಮೇಯಿಸುವ ಅಡವಿಯಪ್ಪನೂ ಪಕ್ಕದ ಹೊಲದ ವೆಂಕಟರಂಗಯ್ಯನೂ ಬಂದರು. ಅನಂತರಾಜು ಪಂಚನಾಮೆ ಹೇಳುತ್ತಾ ಬರೆದ: ಕೆಂಪು ಬಣ್ಣದ ಗಾಡಿ, ಹ್ಯಾಂಡಲ್ ಎಡಕ್ಕೆ ಬಾಗಿದೆ, ಬ್ರೇಕುಗಳು ಕೆಲಸ ಮಾಡುತ್ತಿವೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ.

"ದಿನಾ ಹತ್ತೋನು ಕಣಮ್ಮ," ಎಂದ ಅಡವಿಯಪ್ಪ. "ಬಂದೋರನ್ನೆಲ್ಲ ಕೆಳಗೆ ನಿಲ್ಲಿಸಿ, ತಾನೊಬ್ನೇ ಎದ್ದು ನಿಂತ್ಕೊಂಡು ಹತ್ತೋನು, ಕುದ್ರೆ ಮೇಲೆ ಪಾಳೇಗಾರ ಹೋದಂಗೆ. ನನ್ನ ಕುರಿಗಳೂ ಮೇಯೋದು ಬುಟ್ಟು ನೋಡೋವು. ಬ್ರೇಕು ನೆಟ್ಟಗೈತೆ, ಎಣ್ಣೆ ಐತೆ. ಬಿದ್ದದ್ದ್ಯಾಕೆ ಮತ್ತೆ?"

"ಅದನ್ನೇ ನೋಡೋಕೆ ಬಂದಿರೋದು ತಾತ, ನೀನು ಸೈನ್ ಹಾಕು," ಎಂದ ಅನಂತರಾಜು.

"ಸೈನೇನು, ಹೆಬ್ಬೆಟ್ಟೇ ಒತ್ತೀನಿ ತಗಾ."

ಹರ್ಷಿತಾ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಳು. "ಮೇಡಂ, ಶೆಡ್ ಹತ್ರ ನಿಂತಿರೋ ಗಾಡಿಗಳದ್ದೂ ಬೇಕಾ?"

"ಎಲ್ಲಾ ತೆಗಿ."

ಶೆಡ್ಡಿನಲ್ಲಿ ಅರುಣಾ ಹೆಲ್ಮೆಟ್ಟುಗಳನ್ನು ಒರೆಸಿ ಗೂಟಕ್ಕೆ ಹಾಕುತ್ತಿದ್ದಳು. ವಯಸ್ಸು ಮೂವತ್ತಾರು. ಎಡಭುಜ ಬಲಭುಜಕ್ಕಿಂತ ಸ್ವಲ್ಪ ಇಳಿದಿತ್ತು. ಪೊಲೀಸರನ್ನು ಕಂಡು ಬಟ್ಟೆ ಕೆಳಗಿಟ್ಟು, ಕೇಳುವ ಮೊದಲೇ ಮೂರು ಲೋಟದಲ್ಲಿ ನೀರು ತಂದಳು.

"ಬೆಳಗ್ಗೆ ಸಾಲಿನ ಕೊನೆಯಲ್ಲಿ ಯಾರಿದ್ರು?"

"ನಾನೇ. ಯಾವಾಗಲೂ ತಿಮ್ಮರಾಜು ಇರ್ತಾನೆ. ಇವತ್ತು ರಜಾ ತಗೊಂಡಿದಾನೆ."

"ಗಾಡಿ ಬಿದ್ದ ಮೇಲೆ ಏನು ಮಾಡಿದ್ರಿ?"

"ಎಲ್ಲರ ಗಾಡಿ ಕೀ ತೆಗೆದೆ. ಯಾರಾದ್ರೂ ಬಿದ್ರೆ ಮೊದಲು ಮಿಕ್ಕಿದೋರ ಗಾಡಿ ಆಫ್ ಮಾಡ್ಬೇಕು. ಹಂಗೇ ಹೇಳಿಕೊಟ್ಟಿರೋದು."

"ಆಮೇಲೆ?"

"ಆಮೇಲೆ ಹೋಗಿ ನೋಡ್ದೆ."

ಶಾಂತಲಾ ಅವಳ ಮುಖ ನೋಡಿದಳು. ಅಲ್ಲಿ ಭಯವಿರಲಿಲ್ಲ, ದುಃಖವೂ ಇರಲಿಲ್ಲ. ಈ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಭಾನುವಾರ ಹನ್ನೊಂದಕ್ಕೆ ತಿಮ್ಮರಾಜು ಕರೆಸುವ ಮೊದಲೇ ಗುಬ್ಬಿಯಿಂದ ಠಾಣೆಗೆ ಬಂದ. ಅದೇ ಹೊತ್ತಿಗೆ ಗಾಡಿ ಪರಿಶೀಲಿಸಿದ ಮೋಟಾರು ವಾಹನ ನಿರೀಕ್ಷಕರ ಫೋನು ಬಂತು. ಎಂಟನೇ ಗಾಡಿಯ ಸೀಟಿನಡಿ ಕಪ್ಪು ಟೇಪು ಸುತ್ತಿದ ಒಂದು ಪುಟ್ಟ ಡಬ್ಬಿ ಸಿಕ್ಕಿತ್ತು. ದೂರದಿಂದ ರಿಮೋಟ್ ಒತ್ತಿದರೆ ಇಂಜಿನ್ ನಿಲ್ಲಿಸುವ ಡಬ್ಬಿ.

"ಏನ್ಲಾ ಇದು?" ಎಂದ ಅನಂತರಾಜು, ಫೋಟೋ ತೋರಿಸಿ.

ತಿಮ್ಮರಾಜು ಬಗ್ಗಿ ನೋಡಿದ. "ಇದು ಬಂದೋರ ಗಾಡಿಗೆ ಹಾಕೋದು ಸಾರ್. ಯಾರಾದ್ರೂ ದಾರಿ ಬಿಟ್ಟು ಬಂಡೆ ಕಡೆ ನುಗ್ಗಿದ್ರೆ ಅಣ್ಣ ರಿಮೋಟ್ ಒತ್ತಿ ನಿಲ್ಲಿಸೋರು. ಏಳೂ ರಿಮೋಟ್ ಅವರ ಕುತ್ತಿಗೇಲೇ ಇರೋದು. ಅಣ್ಣನ ಗಾಡಿಗೆ ಇದು ಇರಲ್ಲ. ಗೈಡ್ ಗಾಡಿಗೆ ಯಾರೂ ಹಾಕಲ್ಲ."

"ಹಾಕಿದೆಯಲ್ಲಪ್ಪಾ ಈಗ."

"ಗುರುವಾರ ನಾನೇ ಸೀಟು ಬಿಚ್ಚಿ ಗ್ರೀಸ್ ಹಾಕಿದೀನಿ ಸಾರ್. ಆಗ ಇರಲಿಲ್ಲ. ನಮ್ಮಮ್ಮನ ಆಣೆ."

"ಆಣೆ ಬೇಡ. ಇನ್ನೊಂದು ಡಬ್ಬಿ ಎಲ್ಲಿತ್ತು?" ಎಂದಳು ಶಾಂತಲಾ.

"ಶೆಡ್ಡಲ್ಲಿ ಮೇಡಂ. ಹೊಸ ಗಾಡಿಗೆ ಅಂತ ತಂದಿಟ್ಟಿದ್ದು, ರಿಮೋಟ್ ಸಮೇತ."

"ಹಾಕೋಕೆ ಯಾರಿಗೆ ಬರುತ್ತೆ?"

"ನಂಗೆ. ಅಣ್ಣಂಗೆ." ಮತ್ತೊಮ್ಮೆ ಫೋಟೋ ನೋಡಿದ. "ಅಕ್ಕಂಗೂ ಬರುತ್ತೆ. ಎರಡೇ ವೈರು. ನಾನೇ ಹೇಳಿಕೊಟ್ಟಿದ್ದೆ."

"ಶನಿವಾರ ರಜಾ ಯಾಕೆ ತಗೊಂಡೆ? ವಾರದ ಕೊನೆ, ಜನ ಜಾಸ್ತಿ ಅಲ್ವಾ?"

"ನಾನು ಕೇಳಲಿಲ್ಲ ಮೇಡಂ. ಅಕ್ಕನೇ, ತಿಂಗಳಿಂದ ಊರಿಗೆ ಹೋಗಿಲ್ಲ, ಹೋಗ್ ಬಾ ಅಂದ್ರು."

ಅನಂತರಾಜು ಪೆನ್ನು ಎತ್ತಿ ಶಾಂತಲಾಳ ಕಡೆ ನೋಡಿದ.

ಮಧ್ಯಾಹ್ನ ಅವರು ಕುಣಿಗಲ್‌ಗೆ ಹೋದರು. ಶನಿವಾರದ ಸುತ್ತಿನಲ್ಲಿದ್ದ ನಂದಿತಾ ಎಂಬ ಶಾಲಾ ಶಿಕ್ಷಕಿ ಫೋನಿನಲ್ಲಿ ವಿಡಿಯೋ ಮಾಡಿದ್ದಳು. ಮತ್ತೆ ಅದನ್ನು ನೋಡಿರಲಿಲ್ಲ. ಫೋನು ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತಳು.

ವಿಡಿಯೋದಲ್ಲಿ ಜಯಪ್ರಕಾಶ್ ಎದ್ದು ನಿಂತು ಬಂಡೆ ಹತ್ತುತ್ತಿದ್ದ. ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದು ಕೈ ಜನರ ಕಡೆ ಬೀಸುತ್ತಿತ್ತು. ಮುಕ್ಕಾಲು ಏರಿನಲ್ಲಿ ಇಂಜಿನ್ ಸದ್ದು ಕತ್ತರಿಸಿದ ಹಾಗೆ ನಿಂತಿತು. ಕೂಡಲೇ ನಗು ಕೇಳಿಸಿತು. ಐದಾರು ಜನ ಒಟ್ಟಿಗೆ ನಗುತ್ತಿದ್ದರು. ಯಾರೋ ಚಪ್ಪಾಳೆ ತಟ್ಟಿದರು. ಗಾಡಿ ಹಿಂದಕ್ಕೆ ಜಾರಿತು, ಅವನು ಹಿಂದಿನ ಬ್ರೇಕನ್ನು ಗಕ್ಕನೆ ಒತ್ತಿದ, ಮುಂದಿನ ಚಕ್ರಗಳು ಮೇಲೆದ್ದವು. ಆಗಲೂ ನಗು ಇತ್ತು.

"ನಕ್ಕಿದ್ದೀರಲ್ಲ, ಯಾಕೆ?"

ನಂದಿತಾ ತಿರುಗಲಿಲ್ಲ. "ಶೋ ಅನ್ಕೊಂಡ್ವಿ ಮೇಡಂ. ಶುರುನಲ್ಲೇ ಒಂದು ತೋರಿಸಿದ್ರು. ಶೆಡ್ ಹತ್ರ ಸಣ್ಣ ಬಂಡೆ ಇದೆಯಲ್ಲ, ಅದರ ಮೇಲೆ ಅವರ ಹೆಂಡ್ತಿಗೆ ಗಾಡಿ ಹತ್ತಿಸೋಕೆ ಹೇಳಿದ್ರು. 'ನಮ್ಮ ಮನೆಯವಳೇ ಓಡಿಸ್ತಾಳೆ ಅಂದ್ಮೇಲೆ ಎಂಥ ಪೆದ್ದರೂ ಓಡಿಸಬಹುದು' ಅಂದ್ರು. ಆಯಮ್ಮ ಅರ್ಧ ಹತ್ತಿದಾಗ ಇವರು ರಿಮೋಟ್ ಒತ್ತಿಬಿಟ್ರು. ಗಾಡಿ ನಿಂತು ಹಿಂದಕ್ಕೆ ಜಾರಿತು, ಆಯಮ್ಮ ಮುಂದಕ್ಕೆ ಬಗ್ಗಿ ಹೆಂಗೋ ಹಿಡ್ಕೊಂಡ್ರು. 'ನೋಡಿ, ಎಲ್ಲರ ಲಗಾಮೂ ನನ್ನ ಕೈಲಿದೆ, ಭಯ ಬೇಡ' ಅಂದ್ರು. ಎಲ್ಲರೂ ನಕ್ವಿ." ಕಿಟಕಿಯ ಸರಳು ಹಿಡಿದು, "ನಾನೂ ನಕ್ಕೆ," ಎಂದಳು.

ವಾಪಸು ಬರುವಾಗ ಹರ್ಷಿತಾ ಜೀಪಿನಲ್ಲಿ ಕೂತು ಜಯಪ್ರಕಾಶನ ಪ್ರಚಾರದ ಪುಟ ಹುಡುಕಿ ತೆಗೆದಳು. ಅಲ್ಲಿ ಮೊದಲಿಗೇ ಒಂದು ವಿಡಿಯೋ ಇತ್ತು. ಅದೇ ಸಣ್ಣ ಬಂಡೆ. ಅರುಣಾಳ ಗಾಡಿ ನಿಲ್ಲುತ್ತದೆ, ಜಾರುತ್ತದೆ, ಆ ಸಲ ಅವಳಿಗೆ ಹಿಡಿಯಲಾಗುವುದಿಲ್ಲ. ಎಡಭುಜದ ಮೇಲೆ ಬೀಳುತ್ತಾಳೆ. ವಿಡಿಯೋದ ಕೆಳಗೆ ನಗುಮುಖದ ಚಿಹ್ನೆಗಳ ಸಾಲು, ಲಕ್ಷಾಂತರ ಜನ ನೋಡಿದ ಗುರುತು.

"ಅಯ್ಯೋ, ಇದನ್ನ ನಾನೂ ನೋಡಿದ್ದೆ ಮೇಡಂ, ಹೋದ ವರ್ಷ," ಎಂದಳು ಹರ್ಷಿತಾ. "ನಮ್ಮಕ್ಕನಿಗೆ ಕಳಿಸಿದ್ದೆ."

ಫೋನು ಆರಿಸಿ ಜೇಬಿಗೆ ಹಾಕಿಕೊಂಡಳು.

ಸೋಮವಾರ ಬೆಳಗ್ಗೆ ಮರಳೂರಿನ ಮನೆಯಲ್ಲಿ ಶಾಂತಲಾ ಸ್ಕೂಟರ್ ತೆಗೆಯಲು ಹೊರಗೆ ಬಂದಳು. ಗಂಡ ಶಿವಮೂರ್ತಿ ಒಳಗೆ ಪೇಪರ್ ಓದುತ್ತಿದ್ದ. ಅವರಿಬ್ಬರ ನಡುವೆ ಜಗಳವಿರಲಿಲ್ಲ. ಗ್ಯಾಸು ಬುಕ್ ಆಯಿತಾ, ನಲ್ಲಿ ಬಂತಾ ಎನ್ನುವುದರ ಆಚೆಗೆ ಮಾತು ನಿಂತು ಎಷ್ಟು ಕಾಲವಾಯಿತೆಂದು ಅವಳು ಲೆಕ್ಕ ಇಟ್ಟಿರಲಿಲ್ಲ. ಸ್ಕೂಟರಿನ ಮೂತಿಯ ಸಂದಿಯಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಮಗಳ ಸೈಕಲ್ಲಿನ ಹ್ಯಾಂಡಲಿನಲ್ಲಿ ಸೇವಂತಿಗೆಯ ಒಣಗಿದ ನಾರು ಹಾಗೇ ಇತ್ತು. ಪಕ್ಕದಲ್ಲಿ ಗಂಡನ ಕಾರು. ಅದರ ಮೇಲೆ ಏನೂ ಇರಲಿಲ್ಲ.

ಉದುರಿಹೋಗಿರಬೇಕು ಎಂದುಕೊಂಡಳು. ಆಮೇಲೆ ನೆನಪಾಯಿತು. ಅವತ್ತು ಪೂಜೆ ಮಾಡಿದ್ದು ತಾನೇ. ಸ್ಕೂಟರಿಗೆ ಇಟ್ಟಳು, ಸೈಕಲ್ಲಿಗೆ ಇಟ್ಟಳು, ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಯಾವ ಕೋಪವೂ ಇರಲಿಲ್ಲ. ಕೈ ಹೋಗಲಿಲ್ಲ, ಅಷ್ಟೆ.

ಅವಳು ಅಲ್ಲೇ ನಿಂತು ಹರ್ಷಿತಾ ಕಳಿಸಿದ್ದ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಶೆಡ್ಡಿನ ಮುಂದಿನ ಏಳು ಗಾಡಿಗಳ ಮೂತಿಗೂ ಹೊಸ ಅರಿಶಿನ ಕುಂಕುಮ. ಪ್ರತಿ ಜಾಗದಲ್ಲೂ ಚಕ್ರ ಹತ್ತಿ ಅಪ್ಪಚ್ಚಿಯಾದ ನಿಂಬೆಹಣ್ಣು. ಎಂಟನೇ ಜಾಗದಲ್ಲಿ ನಿಂಬೆಹಣ್ಣಿರಲಿಲ್ಲ, ಕಲ್ಲು ಒಣಗಿತ್ತು. ಬಂಡೆಯ ಬುಡದಲ್ಲಿ ಬಿದ್ದಿದ್ದ ಗಾಡಿಯ ಮೇಲೆ ಹಿಂದಿನ ವಾರದ ಮಾಸಿದ ಬೊಟ್ಟು ಮಾತ್ರ ಇತ್ತು.

ಅರುಣಾಳ ಮುಖವನ್ನು ಎಲ್ಲಿ ನೋಡಿದ್ದೆ ಎನ್ನುವುದೂ ಆಗಲೇ ಹೊಳೆಯಿತು. ಬಚ್ಚಲಿನ ಕನ್ನಡಿಯಲ್ಲಿ.

ಒಂಬತ್ತೂವರೆಗೆ ಅವರು ಶೆಡ್ಡಿನಲ್ಲಿದ್ದರು. ಭದ್ರಮ್ಮ ಮೂಲೆಯ ಚಾಪೆಯ ಮೇಲೆ ಕೂತಿದ್ದಳು. ಅರುಣಾಳನ್ನು ಹೊರಗಿನ ಬೆಂಚಿಗೆ ಕರೆದು ಹರ್ಷಿತಾ ಪಕ್ಕದಲ್ಲಿ ಕೂತಳು. ಅನಂತರಾಜು ಹಾಳೆ ಬಿಡಿಸಿದ.

"ಎಂಟನೇ ಗಾಡಿಗೆ ಡಬ್ಬಿ ಹಾಕಿದ್ದು ಯಾರು?"

"ನಾನೇ. ಶುಕ್ರವಾರ ಸಾಯಂಕಾಲ."

ಇಷ್ಟು ಬೇಗ ಬಂದ ಉತ್ತರಕ್ಕೆ ಅನಂತರಾಜುವಿನ ಪೆನ್ನು ತಯಾರಿರಲಿಲ್ಲ.

"ಒತ್ತಿದ್ದು?"

"ನಾನೇ. ಜರ್ಕಿನ್ ಜೇಬಲ್ಲಿತ್ತು."

"ಯಾಕೆ?"

"ಅವರ ಗಾಡೀನೂ ಒಂದ್ಸಲ ನಿಲ್ಲಲಿ ಅಂತ. ಜನ ಒಂದ್ಸಲ ಅವರನ್ನ ನೋಡಿ ನಗಲಿ ಅಂತ."

ಅನಂತರಾಜು ನಿಟ್ಟುಸಿರು ಬಿಟ್ಟ. ಶಾಂತಲಾಳ ಕಡೆ ಬಾಗಿ ಮೆಲ್ಲಗೆ, "ಮೇಡಂ, ಹುಡುಗಾಟ ಮಾಡೋಕೋಗಿ ಆಗಿರೋದು. ಇದು ಕೊಲೆ ಆಗಲ್ಲ. ನಿರ್ಲಕ್ಷ್ಯದ ಸಾವು ಅಂತ ಹೋಗುತ್ತೆ, ಬುಡಿ," ಎಂದ. ಅವನ ದನಿಯಲ್ಲಿ ಸಮಾಧಾನವಿತ್ತು.

ಶಾಂತಲಾಳ ಫೋನು ಅವಳ ತೊಡೆಯ ಮೇಲಿತ್ತು. ಹೊಸ ಕುಂಕುಮ ಇಲ್ಲದ ಆ ಒಂದು ಗಾಡಿಯ ಫೋಟೋವನ್ನು ಬೇರೆ ಯಾರೂ ಗಮನಿಸಿರಲಿಲ್ಲ. ಕೇಳದಿದ್ದರೆ ಅದು ನೂರು ಫೋಟೋಗಳ ನಡುವೆ ಉಳಿದುಬಿಡುತ್ತಿತ್ತು. ಈ ಹೆಂಗಸು ಎರಡು ಮೂರು ವರ್ಷಕ್ಕೆ ಹೊರಗೆ ಬರುತ್ತಿದ್ದಳು, ಅಥವಾ ಒಳಗೇ ಹೋಗುತ್ತಿರಲಿಲ್ಲ. ಕೇಳಿ, ಏನಾಗುತ್ತದೆಂದು ಗೊತ್ತಿದ್ದೇ ಒತ್ತಿದ್ದು ಎಂದು ಹೊರಬಂದರೆ ಜೀವಾವಧಿ. ಶಾಂತಲಾ ಫೋನನ್ನು ಅರುಣಾಳ ಕಡೆ ತಿರುಗಿಸಿ ಹಿಡಿದಳು. ಯಾಕೆ ಹಿಡಿದೆ ಎಂದು ಆಮೇಲೆ ಯೋಚಿಸಿದಾಗ, ಅದು ಕೆಲಸ ಎನ್ನುವುದಕ್ಕಿಂತ ಬೇರೆ ಉತ್ತರ ಸಿಗಲಿಲ್ಲ.

"ಶನಿವಾರ ಬೆಳಗ್ಗೆ ಗಾಡಿಗಳಿಗೆ ಪೂಜೆ ಮಾಡೋರು ಯಾರು?"

"ನಾನೇ. ಪ್ರತಿ ಶನಿವಾರ."

"ಯಾವ ಗಾಡಿಯಿಂದ ಶುರು?"

ಅರುಣಾ ಫೋಟೋ ನೋಡಿದಳು. ಮೊದಲ ಸಲ ಅವಳ ಕಣ್ಣು ಒಂದು ಕಡೆ ನಿಂತಿತು. "ಎಂಟರಿಂದ. ಯಜಮಾನರ ಗಾಡಿ ಮೊದಲು."

"ಈ ಸಲ ಎಂಟಕ್ಕೆ ಇಟ್ಟಿಲ್ಲ."

ಮರೆತೆ ಅನ್ನಬಹುದಿತ್ತು. ಆ ಒಂದು ಮಾತಿಗೆ ಶಾಂತಲಾ ಕಾದಳು. ತಾನು ಕಾಯುತ್ತಿದ್ದೇನೆ ಎನ್ನುವುದು ಅವಳಿಗೇ ಹೊಸದಾಗಿ ಕಂಡಿತು. ಹರ್ಷಿತಾ ಅರುಣಾಳ ಮುಖವನ್ನೇ ನೋಡುತ್ತಿದ್ದಳು.

"ಮರೀಲಿಲ್ಲ," ಎಂದಳು ಅರುಣಾ. "ಬಟ್ಟಲು ಹಿಡ್ಕೊಂಡು ಅಲ್ಲೇ ನಿಂತಿದ್ದೆ. ನಿಂಬೆಹಣ್ಣು ಇಟ್ಟು, ಏನೂ ಆಗದಿರಲಿ ಅಂತ ಹೇಳ್ಬೇಕಲ್ಲ ಮೇಡಂ. ನಾನೇ ಡಬ್ಬಿ ಹಾಕಿ, ನಾನೇ ಹಂಗೆ ಹೇಳೋದಾ? ಕೈ ಹೋಗ್ಲಿಲ್ಲ."

ಅನಂತರಾಜು ಬರೆಯುವುದನ್ನು ನಿಲ್ಲಿಸಿದ.

"ಅವರು ಗಮನಿಸಲಿಲ್ವಾ?"

"ಗಾಡಿ ಮುಖಾನ ಅವರು ಯಾವತ್ತು ನೋಡವ್ರೆ? ಜನದ ಮುಖ ನೋಡೋರು."

ಆಮೇಲೆ ಅವಳು ತಾನಾಗಿ ಹೇಳಿದಳು, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ. ಬಂಡೆಗಳ ಈ ಜಾಗ ಅವಳ ತವರಿನದು. ನಾಲ್ಕು ವರ್ಷದಿಂದ ದಿನಾ ಪ್ರತಿ ಸುತ್ತಿಗೂ ಅವಳ ಗಾಡಿ ಏರಿನಲ್ಲಿ ನಿಲ್ಲುತ್ತಿತ್ತು. ಯಾವ ಗಳಿಗೆಯಲ್ಲಿ ನಿಲ್ಲುತ್ತದೆಂದು ಗಂಡ ಹೇಳುತ್ತಿರಲಿಲ್ಲ, ಹೇಳಿದರೆ ಮುಖದಲ್ಲಿ ಗಾಬರಿ ಬರುವುದಿಲ್ಲ ಎನ್ನುತ್ತಿದ್ದ. "ಮೊದಮೊದಲು ನಗು ಕೇಳಿದ್ರೆ ಕಿವಿ ಬಿಸಿಯಾಗೋದು. ಆಮೇಲೆ ಏನೂ ಆಗ್ತಿರಲಿಲ್ಲ. ಭುಜ ಮುರಿದಾಗ್ಲೂ ನೋವಾಯ್ತೇ ಹೊರತು ಬೇರೇನೂ ಆಗ್ಲಿಲ್ಲ. ಮುಖದಲ್ಲಿ ಗಾಬರೀನೇ ಕಾಣ್ತಿಲ್ಲ, ಸಪ್ಪೆ ಆಗೋಯ್ತು ಅಂತ ಬೈಯೋರು. ಅದಕ್ಕೇ ಭಾನುವಾರದಿಂದ ಏಣಿಬಂಡೆ ಮೇಲೆ ನಿನ್ನ ಗಾಡಿ ನಿಲ್ಲಿಸ್ತೀನಿ, ಜನಕ್ಕೆ ಹೊಸದು ಬೇಕು ಅಂದ್ರು. ನಿಂಗೆ ಅಭ್ಯಾಸ ಇದೆಯಲ್ಲ ಅಂದ್ರು."

"ಅಲ್ಲಿ ಇಂಜಿನ್ ನಿಂತ್ರೆ ಏನಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ?"

"ಹೆಂಗೆ ಗೊತ್ತಿರುತ್ತೆ ಮೇಡಂ? ಅವರ ಗಾಡಿ ಯಾವತ್ತೂ ನಿಂತಿರಲಿಲ್ಲವಲ್ಲ."

"ನಿಮಗೆ?"

ಅರುಣಾ ಕಣಿವೆಯ ಕಡೆ ನೋಡಿದಳು. "ನಂಗೆ ಗೊತ್ತಿತ್ತು. ಹಿಂದಿನ ಬ್ರೇಕ್ ಒತ್ತಿದ್ರೆ ಮಗುಚುತ್ತೆ. ಮುಂದಕ್ಕೆ ಬಾಗ್ಬೇಕು. ಅವರು ಬಾಗೋರಲ್ಲ."

ಹರ್ಷಿತಾ ಎದ್ದು ನೀರು ತಂದುಕೊಟ್ಟಳು. ಅರುಣಾ ಒಂದು ಗುಟುಕು ಕುಡಿದು ಲೋಟ ಹಿಡಿದುಕೊಂಡೇ ಕೂತಳು.

ಪಂಚರನ್ನು ಮತ್ತೆ ಕರೆಸಲಾಯಿತು. ಅವರೆದುರಿಗೆ ಅರುಣಾ ಏಣಿಬಂಡೆಯ ಬುಡದ ಸೀಳಿನಲ್ಲಿ ಕೈಯಿಟ್ಟು ಬೆರಳುದ್ದದ ರಿಮೋಟ್ ತೆಗೆದು ಕೊಟ್ಟಳು. ಅನಂತರಾಜು ಅದನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದ. ಅಡವಿಯಪ್ಪ ಈ ಸಲ ಏನೂ ತಮಾಷೆ ಆಡದೆ ಹೆಬ್ಬೆಟ್ಟು ಒತ್ತಿದ. ಬೆಳಗ್ಗೆ ಹನ್ನೊಂದೂ ಮುಕ್ಕಾಲಿಗೆ ದಸ್ತಗಿರಿ ಎಂದು ನಮೂದಾಯಿತು.

ಭದ್ರಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಹರ್ಷಿತಾ ಅಡ್ಡ ನಿಂತಳು. ಆದರೆ ಭದ್ರಮ್ಮ ಸೊಸೆಯ ಇಳಿದ ಭುಜವನ್ನೇ ನೋಡುತ್ತಿದ್ದಳು.

"ಅವ್ನು ತಮಾಸೆ ಮನ್ಸ ಕಣೇ," ಎಂದಳು. "ತಮಾಸೆಗೆ ಮಾಡ್ತಿದ್ದ."

"ಹೂಂ ಅತ್ತೆ," ಎಂದಳು ಅರುಣಾ. "ಅನ್ನ ಇಟ್ಟಿದೀನಿ, ಉಣ್ಣಿ."

ಜೀಪು ಹೊರಟಿತು. ಸುಣ್ಣದ ಬಾಣಗಳನ್ನು ದಾಟುವಾಗ ಶಾಂತಲಾ ಹಿಂದೆ ತಿರುಗದೆ ಕೇಳಿದಳು. "ಅವರು ಬಿದ್ದಾಗ ಏನನ್ನಿಸ್ತು?" ಆ ಪ್ರಶ್ನೆ ತನಿಖೆಗೆ ಬೇಕಿರಲಿಲ್ಲ.

ಅರುಣಾ ಜೀಪಿನ ಕಂಬಿ ಹಿಡಿದು ಕೂತಿದ್ದಳು. "ಏನಾದ್ರೂ ಅನ್ನಿಸುತ್ತೆ ಅಂತ ಕಾದೆ ಮೇಡಂ. ನಗು ನಿಂತಿತು. ಅಷ್ಟೇ."

ಸಂಜೆ ನ್ಯಾಯಾಲಯಕ್ಕೆ ಕಳಿಸುವ ವರದಿಯಲ್ಲಿ ಕಾರಣದ ಜಾಗಕ್ಕೆ ಬಂದಾಗ ಶಾಂತಲಾ 'ಸತತ ಅವಮಾನ' ಎಂದು ಬರೆದಳು. ಸಾಲದು ಅನ್ನಿಸಿತು. ಬೇರೆ ಪದ ಸಿಗದೆ ಅದನ್ನೇ ಉಳಿಸಿದಳು.

ಮನೆಯಲ್ಲಿ ಶಿವಮೂರ್ತಿ ತಟ್ಟೆಯ ಮುಂದೆ ಕೂತು, "ಆ ಬಂಡೆ ಕೇಸು ಹೆಂಡ್ತೀದೇ ಅಂತೆ? ಟೀವೀಲಿ ಬಂತು. ಯಾಕಂತೆ?" ಎಂದ. ಎಷ್ಟೋ ದಿನದ ಮೇಲೆ ಅವನು ಏನನ್ನೋ ಕೇಳಿದ್ದ.

"ಎಲ್ಲರೂ ನಗ್ತಿದ್ರಂತೆ."

"ಅಷ್ಟಕ್ಕಾ?" ಎಂದು ಅವನು ಸಣ್ಣಗೆ ನಕ್ಕು, ಸಾರು ಹಾಕಿಸಿಕೊಳ್ಳಲು ತಟ್ಟೆ ಮುಂದೆ ಮಾಡಿದ.

ಅವಳು ಸಾರು ಬಡಿಸಿದಳು. ಮರುದಿನ ಬೆಳಗ್ಗೆ ಅವನು ಸ್ನಾನಕ್ಕೆ ಹೋದಾಗ ದೇವರ ಮುಂದಿನ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದು ಕಾರಿನ ಮುಂದೆ ನಿಂತಳು. ಎದುರು ಮನೆಯವರು ರಂಗೋಲಿ ಹಾಕುತ್ತಾ ತಲೆಯೆತ್ತಿ ನೋಡಿದರು. ಇವತ್ತು ಯಾವ ಹಬ್ಬವೂ ಅಲ್ಲ. ಬೆರಳು ಅದ್ದಿ ಬಾನೆಟ್ಟಿನ ನಡುವೆ ಒತ್ತಿದಳು. ಒತ್ತಿದರೆ ಏನಾದರೂ ಅನ್ನಿಸೀತು ಎಂದು, ಬೆರಳು ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತಳು. ತಗಡು ತಣ್ಣಗಿತ್ತು.